ಮನೆಯಲ್ಲೇ ಮಾಡುವ ಇಂಟರ್‌ಕೂಲರ್ ಪೈಪಿಗೆ ಯಾವ ಲೋಹ, ಯಾವ ಹೋಸ್? ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಬೊದಿಂದ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಂಪು ಮಾಡುವ ಭಾಗ), ಅಲ್ಲಿಂದ ಥ್ರಾಟಲ್‌ಗೆ (ಎಂಜಿನ್‌ಗೆ ಗಾಳಿ ಬಿಡುವ ಬಾಯಿ) ಹೋಗುವ ಪೈಪನ್ನು ಸ್ವಂತ ಕೈಯಲ್ಲಿ ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಬಿಡಿಸಿ ಹೇಳಬೇಕಾದ್ದು ಆಮೇಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಲೋಹ ಅನ್ನೋದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ, ಜಾಯಿಂಟ್‌ಗಳ ಬಗ್ಗೆ ಯೋಚಿಸುವುದು ಕಡಿಮೆ. ಇದು ತಿರುಗಾಮುರುಗಾ ಆಗಬೇಕು.

## ಮೊದಲು ಕೇಳುವ ಪ್ರಶ್ನೆಗಳು

ಈ ಪೈಪಿನೊಳಗೆ ನಿಜವಾಗ್ಲೂ ಎಷ್ಟು ಬಿಸಿ ಇರುತ್ತೆ, ಎಷ್ಟು ಒತ್ತಡ ಇರುತ್ತೆ?

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದೆ, ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿಗೆ ಇರುವ ಒತ್ತಡ) 1 ಬಾರ್, ಅಂದರೆ ಸುಮಾರು 14.5 ಪಿಎಸ್‌ಐ, ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್‌ನ ದಕ್ಷತೆ 70 ಶೇಕಡಾ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 125 ಡಿಗ್ರಿ ಇರುತ್ತದೆ. ಬೂಸ್ಟ್ 1.5 ಬಾರ್ ಆದರೆ 160ರ ಹತ್ತಿರ. ಇದು ಬಿಸಿ ಕಡೆ. ಇಂಟರ್‌ಕೂಲರ್ ದಾಟಿದ ಮೇಲೆ ಗಾಳಿ ತಣ್ಣಗಾಗಿರುತ್ತದೆ. ಗಾಡಿ ಓಡುತ್ತಿದ್ದರೆ ಹೊರಗಿನ ಗಾಳಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಒತ್ತಡದ ವಿಷಯದಲ್ಲಿ ಹೆಚ್ಚಿನವರು ಹೆದರುವುದು ಪೈಪ್ ಒಡೆದು ಹೋಗುತ್ತೆ ಅಂತ. ಲೋಹದ ಪೈಪ್ ಒಡೆಯುವುದಿಲ್ಲ. 63 ಮಿ.ಮೀ. ಅಗಲದ, 1.6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪೈಪಿನ ಗೋಡೆಗೆ 1 ಬಾರ್ ಒತ್ತಡ ಲೆಕ್ಕಕ್ಕೇ ಇಲ್ಲ. ಆದರೆ ಅದೇ ಪೈಪಿನ ಬಾಯಿಯ ವಿಸ್ತೀರ್ಣ ಸುಮಾರು 31 ಚದರ ಸೆಂ.ಮೀ. ಇದೆ. 1 ಬಾರ್ ಬೂಸ್ಟ್‌ನಲ್ಲಿ ಪೈಪನ್ನು ಹೋಸ್‌ನಿಂದ ಹೊರಗೆ ತಳ್ಳುವ ಬಲ 32 ಕಿಲೋ ತೂಕಕ್ಕೆ ಸಮ. 1.5 ಬಾರ್‌ಗೆ 48 ಕಿಲೋ. ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಈ ತಳ್ಳಾಟ ನಡೆಯುತ್ತದೆ. ಕೈ ಕೊಡುವುದು ಜಾಯಿಂಟ್.

ಪಿವಿಸಿ ಪೈಪ್ ಸುಮ್ನೆ ಬಿದ್ದಿದೆ. ಅದನ್ನೇ ಹಾಕಿದ್ರೆ ಆಗಲ್ವಾ?

ಬೇಡ. ಸಾಮಾನ್ಯ ಪಿವಿಸಿಯನ್ನು 60 ಡಿಗ್ರಿಯ ಮೇಲೆ ಬಳಸಬಾರದು. 80ರ ಹತ್ತಿರ ಬಂದರೆ ಅದು ಮೆತ್ತಗಾಗಿ ಆಕಾರ ಬಿಡುತ್ತದೆ. ಬಿಸಿ ಕಡೆ 125 ಡಿಗ್ರಿ ಅಂತ ಮೇಲೆ ನೋಡಿದಿರಲ್ಲ.

"ತಣ್ಣನೆ ಕಡೆಗೆ ಮಾತ್ರ ಹಾಕ್ತೀನಿ" ಅನ್ನುವವರೂ ಇದ್ದಾರೆ. ಅದೂ ಬೇಡ. ಜೋರಾಗಿ ಓಡಿಸಿ ಗಾಡಿ ನಿಲ್ಲಿಸಿದರೆ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ, ಪೈಪಿಗೆ ಆಗ ಗಾಳಿಯ ಹರಿವೂ ಇರುವುದಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಒತ್ತಿದ ಗಾಳಿ ತುಂಬಿದ ಪಿವಿಸಿ ಒಡೆದರೆ ಸೀಳು ಬಿಟ್ಟು ಸುಮ್ಮನಾಗುವುದಿಲ್ಲ, ಚೂಪು ಚೂರುಗಳಾಗಿ ಸಿಡಿಯುತ್ತದೆ. ಒಂದು ಚೂರು ಎಂಜಿನ್ ಒಳಗೆ ಹೋಗಬಹುದು, ಇನ್ನೊಂದು ಬಾನೆಟ್ ತೆಗೆದು ಬಗ್ಗಿ ನೋಡುತ್ತಿರುವವರ ಮುಖಕ್ಕೆ ಬರಬಹುದು. ಬಿಸಿನೀರಿಗೆ ಬಳಸುವ ಸಿಪಿವಿಸಿಯ ಮಿತಿಯೂ 93 ಡಿಗ್ರಿಯಷ್ಟೇ. ಅದೂ ಇಲ್ಲಿಗೆ ಸಲ್ಲದು.

ಪಿವಿಸಿಗೆ ಒಂದು ಒಳ್ಳೆಯ ಉಪಯೋಗ ಇದೆ: ನಮೂನೆ ಮಾಡುವುದು. ಅದೇ ಅಗಲದ ಪಿವಿಸಿ ತುಂಡು, ಎಲ್ಬೋ ಜೋಡಿಸಿ ದಾರಿ ಹೊಂದಿಸಿ, ಗುರುತು ಹಾಕಿಕೊಳ್ಳಿ. ಆಮೇಲೆ ಅದನ್ನು ನೋಡಿ ಲೋಹದಲ್ಲಿ ಕತ್ತರಿಸಿ. ಎಲ್ಬೋದ ತಿರುವು ಲೋಹದ ಬೆಂಡ್‌ಗಿಂತ ಚಿಕ್ಕದಿರುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಕಂಪನಿಯವರೇ ಎಷ್ಟೋ ಗಾಡಿಗೆ ಪ್ಲಾಸ್ಟಿಕ್ ಪೈಪ್ ಕೊಡ್ತಾರಲ್ಲ, ನಾವು ಹಾಕಿದ್ರೆ ಮಾತ್ರ ತಪ್ಪಾ?

ಅವರು ಹಾಕುವುದು ಸಾಮಾನ್ಯವಾಗಿ ಗಾಜಿನ ನಾರು ಬೆರೆಸಿದ ನೈಲಾನ್. ನೈಲಾನ್ 66 ಕರಗುವುದು 260 ಡಿಗ್ರಿಯ ಹತ್ತಿರ. ಅಚ್ಚಿನಲ್ಲಿ ಎರೆದು, ತುದಿಗೆ ಸೀಲ್ ಕೂರಿಸಿ, ಆ ಗಾಡಿಯ ಬೂಸ್ಟ್‌ಗೆ ಎಷ್ಟು ಬೇಕೋ ಅಷ್ಟಕ್ಕೆ ಮಾಡಿರುತ್ತಾರೆ. ಬೂಸ್ಟ್ ಏರಿಸಿದ ಹಳೆಯ ಗಾಡಿಗಳಲ್ಲಿ ಆ ಪೈಪುಗಳೂ ಜೋಡಣೆಯ ಗೆರೆಯಲ್ಲಿ ಬಿರುಕು ಬಿಡುತ್ತವೆ.

3ಡಿ ಪ್ರಿಂಟರ್ ಇದೆ ಅನ್ನುವವರಿಗೂ ಇದೇ ಉತ್ತರ. ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ 60 ಡಿಗ್ರಿಗೆ ಮೆತ್ತಗಾಗುತ್ತದೆ, ಪಿಇಟಿಜಿ 80ಕ್ಕೆ, ಎಬಿಎಸ್ 105ಕ್ಕೆ. ಅದರ ಮೇಲೆ ಪದರಗಳ ನಡುವೆ ಗಾಳಿ ಸೋರುತ್ತದೆ. ನಮೂನೆಗೆ ಚೆನ್ನ, ಓಡಿಸೋದಕ್ಕಲ್ಲ.

ಒಂದೇ ಮಾತಲ್ಲಿ ಹೇಳಿ. ಅಲ್ಯೂಮಿನಿಯಂ ಹಾಕಲಾ, ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಹಾಕಲಾ, ಸ್ಟೇನ್‌ಲೆಸ್ ಹಾಕಲಾ?

ನಿಮಗೆ ಅಥವಾ ನಿಮ್ಮ ವೆಲ್ಡರ್‌ಗೆ ಯಾವುದನ್ನು ಸೋರದ ಹಾಗೆ ವೆಲ್ಡ್ ಮಾಡಲು ಬರುತ್ತದೋ ಅದು. ಮಿಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್ ಯಂತ್ರ) ಮಾತ್ರ ಇದ್ದರೆ ಎಂ.ಎಸ್. ಹಾಕಿ, ಸಂಕೋಚ ಬೇಡ. ಎ.ಸಿ. ಟಿಗ್ (ಕಡ್ಡಿಯನ್ನು ಕೈಯಲ್ಲಿ ಕೊಡುವ ವೆಲ್ಡಿಂಗ್ ಯಂತ್ರ) ಇದ್ದು ಕೈ ಪಳಗಿದ್ದರೆ ಅಲ್ಯೂಮಿನಿಯಂ. ಡಿ.ಸಿ. ಟಿಗ್ ಇದೆ, ತುಕ್ಕು ಬೇಡ ಅಂದರೆ ಸ್ಟೇನ್‌ಲೆಸ್ 304. ಸೋರುವ ಅಲ್ಯೂಮಿನಿಯಂಗಿಂತ ಸೋರದ ಎಂ.ಎಸ್. ಎಷ್ಟೋ ಮೇಲು.

ವೆಲ್ಡಿಂಗೇ ಇಲ್ಲ ಅನ್ನುವವರು ತುದಿಗೆ ಬೀಡ್ (ಸುತ್ತಲೂ ಎದ್ದಿರುವ ಉಬ್ಬು) ಇರುವ ಸಿದ್ಧ ಅಲ್ಯೂಮಿನಿಯಂ ಬೆಂಡ್‌ಗಳನ್ನು ತಂದು ಸಿಲಿಕೋನ್ ಹೋಸ್‌ನಿಂದ ಜೋಡಿಸಬಹುದು. ಜಾಯಿಂಟ್ ಜಾಸ್ತಿಯಾಗುತ್ತದೆ, ಆದರೂ ನಡೆಯುತ್ತದೆ.

## ಲೋಹದ ಬಗ್ಗೆ

ಎಂ.ಎಸ್. ತುಂಬಾ ಭಾರ ಆಗಲ್ವಾ?

63 ಮಿ.ಮೀ. ಅಗಲದ ಎಂ.ಎಸ್. ಪೈಪ್ 1.5 ಮಿ.ಮೀ. ದಪ್ಪದಲ್ಲಿ ಮೀಟರಿಗೆ ಸುಮಾರು 2.3 ಕಿಲೋ. 1.6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಮೀಟರಿಗೆ ಸುಮಾರು 0.85 ಕಿಲೋ. ಒಂದು ಗಾಡಿಗೆ 2 ಮೀಟರ್ ಪೈಪ್ ಹಿಡಿಯಿತು ಅಂದರೆ ವ್ಯತ್ಯಾಸ 3 ಕಿಲೋ. ರಸ್ತೆಯಲ್ಲಿ ಓಡಿಸುವ ಗಾಡಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಭಾರದ ಪೈಪ್ ಹೋಸ್‌ನಲ್ಲಿ ನೇತಾಡಬಾರದು. ಉದ್ದದ ತುಂಡಿಗೆ ರಬ್ಬರ್ ಇಟ್ಟ ಒಂದು ಬ್ರಾಕೆಟ್ ಕೊಡಿ.

ಎಂ.ಎಸ್. ಒಳಗೆ ತುಕ್ಕು ಹಿಡಿದು ಎಂಜಿನ್‌ಗೆ ಹೋದ್ರೆ?

ಸರಿಯಾದ ಭಯವೇ. ದಿನಾ ಓಡುವ ಗಾಡಿಯಲ್ಲಿ ಬ್ರೀದರ್‌ನಿಂದ (ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಕೊಳವೆ) ಬರುವ ಆಯಿಲ್ ಮಂಜು ಒಳಗೆ ತೆಳುವಾಗಿ ಕೂತು ತುಕ್ಕನ್ನು ತಡೆಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ, ತೇವ ಜಾಸ್ತಿ ಇರುವ ಕಡೆಗೆ ಎಂ.ಎಸ್. ಬೇಡ, ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಹಾಕಿ. ಹೊರಗೆ ಪೇಂಟ್ ಹೊಡೆಯಿರಿ. ಒಳಗೆ ಮಾತ್ರ ಹೊಡೆಯಬೇಡಿ. ಒಳಗಿನ ಪೇಂಟ್ ಎದ್ದು ಬಂದರೆ ಅದು ಹೋಗುವುದು ನೇರ ಥ್ರಾಟಲ್‌ಗೇ.

ಸೈಲೆನ್ಸರ್ ಪೈಪ್, ಜಿ.ಐ. ಪೈಪ್ ಆಗುತ್ತಾ?

ಹೊಸ ಸೈಲೆನ್ಸರ್ ಪೈಪ್ ಚೆನ್ನಾಗಿ ಆಗುತ್ತದೆ. ಬೆಂಡ್‌ಗಳೂ ಅದರಲ್ಲಿ ಸುಲಭವಾಗಿ ಸಿಗುತ್ತವೆ. ಮೇಲೆ ಅಲ್ಯೂಮಿನಿಯಂ ಲೇಪ ಇದ್ದರೆ ವೆಲ್ಡ್ ಮಾಡುವ ಜಾಗದಲ್ಲಿ ಉಜ್ಜಿ ತೆಗೆಯಿರಿ. ಹಳೆಯ ಸೈಲೆನ್ಸರ್ ಪೈಪ್ ಬೇಡ, ಒಳಗಿನ ಮಸಿ, ತುಕ್ಕು ಪೂರ್ತಿ ಹೋಗುವುದಿಲ್ಲ.

ಜಿ.ಐ. ಬೇಡವೇ ಬೇಡ. ಅದರ ಮೇಲಿರುವ ಸತು 907 ಡಿಗ್ರಿಗೆ ಕುದಿಯುತ್ತದೆ. ಕಬ್ಬಿಣ ಕರಗುವ ಮೊದಲೇ ಸತು ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದ ವೆಲ್ಡರ್‌ಗೆ ಅದೇ ದಿನ ಚಳಿ ಜ್ವರ ಬರುತ್ತದೆ. ವೆಲ್ಡ್‌ನಲ್ಲೂ ಸಣ್ಣ ಸಣ್ಣ ತೂತು ಉಳಿಯುತ್ತವೆ. ಮೇಲಾಗಿ ಅದು ನೀರಿನ ಪೈಪ್, ಗೋಡೆ ದಪ್ಪ, ತೂಕವೂ ಜಾಸ್ತಿ.

ಅಲ್ಯೂಮಿನಿಯಂ ಗಾಳಿಯನ್ನು ತಂಪು ಮಾಡುತ್ತೆ, ಸ್ಟೇನ್‌ಲೆಸ್ ಬಿಸಿ ಹಿಡಿದಿಟ್ಟುಕೊಳ್ಳುತ್ತೆ ಅಂತಾರೆ. ನಿಜವಾ?

ಇದರಷ್ಟು ವಾದ ಎಬ್ಬಿಸುವ ಪ್ರಶ್ನೆ ಇನ್ನೊಂದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಶಾಖ ಸಾಗಿಸುವುದರಲ್ಲಿ 6061 ದರ್ಜೆಯ ಅಲ್ಯೂಮಿನಿಯಂ ಸ್ಟೇನ್‌ಲೆಸ್ 304ಕ್ಕಿಂತ ಸುಮಾರು ಹತ್ತು ಪಟ್ಟು ಚುರುಕು. ಅಂಕಿ ಹೇಳಬೇಕೆಂದರೆ 167ಕ್ಕೆ 16. ಎಂ.ಎಸ್. ಸುಮಾರು 50. ಇದನ್ನು ನೋಡಿದ ಕೂಡಲೇ ಅಲ್ಯೂಮಿನಿಯಂ ಗೆದ್ದಿತು ಅನ್ನಿಸುತ್ತದೆ.

ಆದರೆ ಶಾಖ ದಾಟಬೇಕಾದ್ದು ಮೂರು ತಡೆಗಳನ್ನು. ಒಳಗಿನ ಗಾಳಿಯಿಂದ ಗೋಡೆಗೆ, ಗೋಡೆಯ ದಪ್ಪದ ಮೂಲಕ, ಗೋಡೆಯಿಂದ ಹೊರಗಿನ ಗಾಳಿಗೆ. ಮಧ್ಯದ್ದು ಕೇವಲ 1.5 ಮಿ.ಮೀ. ಲೋಹ. ಹೊರಗೆ ಪೈಪನ್ನು ಸವರಿಕೊಂಡಿರುವ ಗಾಳಿಯ ತಡೆ, ಸ್ಟೇನ್‌ಲೆಸ್ ಗೋಡೆಯ ತಡೆಗಿಂತಲೂ ನೂರಾರು ಪಟ್ಟು ದೊಡ್ಡದು. ಅಂದಮೇಲೆ ಗೋಡೆ ಯಾವ ಲೋಹದ್ದಾದರೂ ಒಟ್ಟು ಲೆಕ್ಕ ಅಲ್ಲಾಡುವುದಿಲ್ಲ.

ಸಮಯವನ್ನೂ ನೋಡಿ. 200 ಎಚ್‌ಪಿ ಎಂಜಿನ್‌ನಲ್ಲಿ 1 ಬಾರ್ ಬೂಸ್ಟ್‌ಗೆ, 63 ಮಿ.ಮೀ. ಪೈಪಿನೊಳಗೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 25 ಮೀಟರ್. 2 ಮೀಟರ್ ಪೈಪನ್ನು ಅದು ದಾಟುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಅಷ್ಟರಲ್ಲಿ ಆಗುವ ಬದಲಾವಣೆ ಕೆಲವೇ ಡಿಗ್ರಿ. ತಂಪು ಮಾಡುವುದು ಇಂಟರ್‌ಕೂಲರ್‌ನ ಕೆಲಸ.

ನಿಜವಾಗಿ ಫರಕ್ ಬೀಳುವುದು ಪೈಪ್ ಹೋಗುವ ದಾರಿಯಿಂದ. ತಣ್ಣನೆ ಕಡೆಯ ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲಿ, ರೇಡಿಯೇಟರ್ ಬೆನ್ನಿಗೆ ಹೋಗದ ಹಾಗೆ ನೋಡಿಕೊಳ್ಳಿ. ಬೇರೆ ದಾರಿಯೇ ಇಲ್ಲದಿದ್ದರೆ ನಡುವೆ ಒಂದು ತಗಡಿನ ಮರೆ ಹಾಕಿ, ಮರೆಗೂ ಪೈಪಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ.

ತಾಮ್ರ, ಟೈಟಾನಿಯಂ, ಕಾರ್ಬನ್ ಫೈಬರ್?

ತಾಮ್ರ ಭಾರ. ಅದರ ಮೇಲೆ, ಸಾಮಾನ್ಯ ತವರ ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಬಿಸಿ ಕಡೆಗೆ ತೀರಾ ಹತ್ತಿರ. ಟೈಟಾನಿಯಂ ಹಗುರ, ಗಟ್ಟಿ, ಚೆಂದ. ಆದರೆ ಒಳಗೂ ಹೊರಗೂ ಆರ್ಗಾನ್ ಹೊದಿಕೆ ಇಲ್ಲದೆ ವೆಲ್ಡ್ ಮಾಡಿದರೆ ಜಾಯಿಂಟ್ ಪೆಡಸಾಗುತ್ತದೆ. ಕಾರ್ಬನ್ ಫೈಬರ್‌ಗೆ ನಾರು ತಡೆದರೂ ರೆಸಿನ್ ತಡೆಯಬೇಕು. ಸಾಮಾನ್ಯ ಎಪಾಕ್ಸಿ ಬಿಸಿ ಕಡೆಗೆ ಆಗದು.

ಗೋಡೆ ಎಷ್ಟು ದಪ್ಪ ಇರ್ಬೇಕು?

ಅಲ್ಯೂಮಿನಿಯಂ 1.6ರಿಂದ 2 ಮಿ.ಮೀ. ಎಂ.ಎಸ್., ಸ್ಟೇನ್‌ಲೆಸ್ 1.2ರಿಂದ 1.6 ಮಿ.ಮೀ. ಒತ್ತಡಕ್ಕೆ ಇಷ್ಟು ಬೇಕಾಗಿಲ್ಲ. ವೆಲ್ಡ್ ಮಾಡುವಾಗ ತೂತು ಬೀಳದಿರಲು, ಕ್ಲ್ಯಾಂಪ್ ಬಿಗಿದಾಗ ತುದಿ ಅಮುಕಿ ಹೋಗದಿರಲು ಬೇಕು.

## ಅಳತೆ, ಬೆಂಡ್, ತುದಿ

ದೊಡ್ಡ ಪೈಪ್ ಹಾಕಿದ್ರೆ ಪವರ್ ಜಾಸ್ತಿ ಬರುತ್ತಾ?

ಒಂದು ಹಂತದ ಮೇಲೆ ಇಲ್ಲ. ಮೇಲೆ ಹೇಳಿದ 200 ಎಚ್‌ಪಿ ಎಂಜಿನ್‌ಗೆ 51 ಮಿ.ಮೀ. ಪೈಪ್ ಹಾಕಿದರೂ ಗಾಳಿಯ ವೇಗ ಸೆಕೆಂಡಿಗೆ 40 ಮೀಟರ್ ಅಷ್ಟೆ, ಏನೂ ತೊಂದರೆ ಇಲ್ಲ. 63 ಮಿ.ಮೀ. ಹಾಕಿದರೆ ಮುಂದೆ ಬೂಸ್ಟ್ ಏರಿಸಲು ಜಾಗ ಉಳಿಯುತ್ತದೆ. 76 ಮಿ.ಮೀ. ಬೇಕಾಗುವುದು ಇದರ ಎರಡು ಪಟ್ಟು ಪವರ್‌ನವರಿಗೆ. ಟರ್ಬೊದ ಬಾಯಿ, ಇಂಟರ್‌ಕೂಲರ್‌ನ ಬಾಯಿ, ಥ್ರಾಟಲ್‌ನ ಬಾಯಿ ಅಳೆಯಿರಿ. ಅವುಗಳ ನಡುವಿನ ಅಳತೆಯೇ ಸಾಮಾನ್ಯವಾಗಿ ಸರಿಯಾದದ್ದು.

ಮರಳು ತುಂಬಿ ಮನೆಯಲ್ಲೇ ಪೈಪ್ ಬಗ್ಗಿಸಬಹುದಾ?

ತೆಳು ಪೈಪನ್ನು ಈ ಅಳತೆಯಲ್ಲಿ ಬಗ್ಗಿಸಿದರೆ ಒಳಭಾಗ ಸುಕ್ಕಾಗುತ್ತದೆ, ಹೊರಭಾಗ ಚಪ್ಪಟೆಯಾಗುತ್ತದೆ. ಸಿದ್ಧ ಮ್ಯಾಂಡ್ರೆಲ್ ಬೆಂಡ್ (ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದು) ತನ್ನಿ. ಒಂದು ಯು ಬೆಂಡ್‌ನಿಂದ ಎರಡು 90 ಡಿಗ್ರಿ, ಅಥವಾ ಒಂದು 90, ಎರಡು 45 ಕತ್ತರಿಸಿಕೊಳ್ಳಬಹುದು. ಸಣ್ಣ ಸಣ್ಣ ಓರೆ ತುಂಡು ಸೇರಿಸಿ ಮಾಡುವ ಬೆಂಡ್ ನೋಡಲು ಚೆಂದ, ಆದರೆ ಒಂದೊಂದು ಜೋಡಣೆಯೂ ಸೋರಲು ಇನ್ನೊಂದು ಜಾಗ.

ನೇರವಾಗಿ ಕತ್ತರಿಸಲು ಒಂದು ಉಪಾಯ: ಪೈಪಿನ ಸುತ್ತ ಹೋಸ್ ಕ್ಲ್ಯಾಂಪ್ ಬಿಗಿಯಿರಿ. ಅದರ ಅಂಚೇ ನಿಮಗೆ ಗೆರೆ. ಹ್ಯಾಕ್ಸಾ ಬ್ಲೇಡನ್ನು ಅಂಚಿಗೆ ಆನಿಸಿ, ಒಂದೇ ಕಡೆಯಿಂದ ಇಳಿಸದೆ ಪೈಪನ್ನು ಸುತ್ತಿಸುತ್ತಾ ಸುತ್ತಲೂ ಗೀರು ಮಾಡಿಕೊಂಡು ಆಮೇಲೆ ಆಳಕ್ಕೆ ಹೋಗಿ. ತುದಿಯನ್ನು ಸಮತಟ್ಟಾದ ಕಲ್ಲಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಫೈಲ್ ಹಾಕಬೇಕು ಅಂತ ಕಾಣುತ್ತದೆ. ಸಂದು ಕಡಿಮೆ ಇದ್ದಷ್ಟೂ ವೆಲ್ಡ್ ಸುಲಭ.

ತುದಿಗೆ ಬೀಡ್ ಬೇಕೇ ಬೇಕಾ? ಕ್ಲ್ಯಾಂಪ್ ಜೋರಾಗಿ ಬಿಗಿದ್ರೆ ಸಾಲಲ್ವಾ?

ಬೇಕೇ ಬೇಕು. ನುಣುಪು ಪೈಪಿನ ಮೇಲೆ, ಆಯಿಲ್ ಮಂಜು ಕೂತ ಹೋಸ್‌ನೊಳಗೆ, 32 ಕಿಲೋ ತಳ್ಳುವ ಬಲವನ್ನು ಬರೀ ಕ್ಲ್ಯಾಂಪ್ ಎಷ್ಟು ದಿನ ತಡೆಯುತ್ತದೆ? ಜಾಸ್ತಿ ಬಿಗಿದರೆ ಪೈಪ್ ಅಮುಕುತ್ತದೆ ಇಲ್ಲವೇ ಹೋಸ್ ಹರಿಯುತ್ತದೆ. ಕ್ಲ್ಯಾಂಪ್ ಕೂರಬೇಕಾದ್ದು ಬೀಡ್‌ನ ಹಿಂದೆ, ಮೇಲಲ್ಲ.

ಬೀಡ್ ರೋಲರ್ ಇಲ್ಲದಿದ್ದರೆ ತುದಿಯಿಂದ 5ರಿಂದ 8 ಮಿ.ಮೀ. ಒಳಗೆ ಸುತ್ತಲೂ ವೆಲ್ಡ್‌ನ ಸಾಲು ಎಳೆಯಿರಿ. ಆಮೇಲೆ ಫ್ಲಾಪ್ ಡಿಸ್ಕ್‌ನಿಂದ ಚೂಪು ತೆಗೆದು 1.5 ಮಿ.ಮೀ. ಎತ್ತರ ಉಳಿಸಿಕೊಳ್ಳಿ. ಬೆರಳಿನಿಂದ ಸವರಿದರೆ ಎಲ್ಲೂ ಚುಚ್ಚಬಾರದು. ಸಣ್ಣ ಗೀರು ಸಾಕು, ಹೋಸ್‌ನ ಒಳಪದರ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ.

## ಹೋಸ್, ಕ್ಲ್ಯಾಂಪ್

ರೇಡಿಯೇಟರ್ ಹೋಸ್ ಹಾಕಬಹುದಾ?

ತಾತ್ಕಾಲಿಕಕ್ಕೂ ಬೇಡ. ಹೆಚ್ಚಿನ ರೇಡಿಯೇಟರ್ ಹೋಸ್‌ಗಳು ಇಪಿಡಿಎಂ ರಬ್ಬರ್‌ನವು. ನೀರಿಗೆ ಅದು ಬಹಳ ಒಳ್ಳೆಯದು, ಆಯಿಲ್‌ಗೆ ಆಗುವುದೇ ಇಲ್ಲ. ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಟರ್ಬೊ ಗಾಡಿಯ ಪೈಪಿನಲ್ಲಿ ಆಯಿಲ್ ಇಲ್ಲದ ದಿನವೇ ಇಲ್ಲ.

ನಾರಿನ ಪದರ ಇರುವ ಸಿಲಿಕೋನ್ ಹೋಸ್ ತನ್ನಿ, 3 ಅಥವಾ 4 ಪದರ. ಸುಮಾರು 180 ಡಿಗ್ರಿವರೆಗೆ ತಡೆಯುತ್ತದೆ. ತುದಿ ಕತ್ತರಿಸಿ ನೋಡಿದರೆ ಪದರಗಳು ಎಣಿಸಲು ಸಿಗಬೇಕು. ಗಾಳಿ ಎಳೆಯುವ ಕಡೆ, ಅಂದರೆ ಫಿಲ್ಟರ್‌ಗೂ ಟರ್ಬೊಗೂ ನಡುವೆ, ಸಮಸ್ಯೆ ಬೇರೆ: ಅಲ್ಲಿ ಹೋಸ್ ಒಳಕ್ಕೆ ಹೀರಿಕೊಂಡು ಮುಚ್ಚಿಕೊಳ್ಳಬಹುದು. ಆ ಜಾಗಕ್ಕೆ ತಂತಿ ಸುತ್ತಿದ ಹೋಸ್ ಬೇಕು.

ಸಿಲಿಕೋನ್ ಹೋಸ್ ಹೊರಗೆ ಆಯಿಲ್ ಬೆವರ್ತಾ ಇದೆ. ಹರಿದಿದೆಯಾ?

ಹರಿದಿರಬೇಕೆಂದಿಲ್ಲ. ಸಾದಾ ಸಿಲಿಕೋನ್ ಆಯಿಲನ್ನು ನಿಧಾನವಾಗಿ ಹೀರಿ ಹೊರಗೆ ಬಿಡುತ್ತದೆ. ಕಾಲಕ್ರಮೇಣ ಮೆತ್ತಗೂ ಆಗುತ್ತದೆ. ಒಳಪದರ ಫ್ಲೋರೋಸಿಲಿಕೋನ್‌ನದ್ದಾದರೆ ಈ ತೊಂದರೆ ಇಲ್ಲ. ಬಿಸಿ ಕಡೆಗಾದರೂ ಅದನ್ನೇ ಹಾಕುವುದು ಒಳ್ಳೆಯದು. ಆಯಿಲ್ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಹೋಸ್ ಬಿಡಿ, ಬ್ರೀದರ್ ಮತ್ತು ಟರ್ಬೊ ಸೀಲ್ ಕಡೆ ನೋಡಿ.

ಯಾವ ಕ್ಲ್ಯಾಂಪ್?

1 ಬಾರ್‌ವರೆಗೆ, ಬೀಡ್ ಸರಿ ಇದ್ದರೆ, ಒಳಮೈ ನುಣುಪಾಗಿರುವ ಸ್ಕ್ರೂ ಕ್ಲ್ಯಾಂಪ್ ಸಾಕು. ಸೀಳು ತೂತಿರುವ ಅಗ್ಗದ್ದು ಬೇಡ, ಸಿಲಿಕೋನ್ ಆ ಸೀಳುಗಳಲ್ಲಿ ಉಬ್ಬಿ ಕತ್ತರಿಸಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಬೂಸ್ಟ್‌ಗೆ ಟಿ ಬೋಲ್ಟ್ ಕ್ಲ್ಯಾಂಪ್. ಟಿ ಬೋಲ್ಟ್‌ನ ಬಲ ಬಹಳ, ತೆಳು ಅಲ್ಯೂಮಿನಿಯಂ ತುದಿಯನ್ನು ಸುಲಭವಾಗಿ ಅಮುಕುತ್ತದೆ.

ಜೋಡಿಸುವ ಮೊದಲು ಹೋಸ್ ಒಳಗೂ ಪೈಪಿನ ತುದಿಯನ್ನೂ ಸ್ಪಿರಿಟ್‌ನಿಂದ ಒರೆಸಿ. ಗ್ರೀಸ್, ಸೋಪು ಹಚ್ಚಿ ತೂರಿಸಬೇಡಿ. ಎಂಜಿನ್ ಮೌಂಟ್ ಮೇಲೆ ಅಲ್ಲಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಬಿಗಿದಿರುತ್ತದೆ. ಆ ಅಲುಗಾಟ ಸಹಿಸಲು ಎರಡು ಪೈಪಿನ ತುದಿಗಳ ನಡುವೆ ಸಣ್ಣ ಸಂದು ಬಿಡಿ. ಅಲುಗಾಟ ಜಾಸ್ತಿ ಇರುವ ಕಡೆ ಮಧ್ಯ ಉಬ್ಬಿರುವ ಹೋಸ್ ಹಾಕಿ.

## ವೆಲ್ಡಿಂಗ್ ಮತ್ತು ಆಮೇಲೆ

ಅಲ್ಯೂಮಿನಿಯಂಗೆ 4043 ಕಡ್ಡಿಯಾ, 5356 ಕಡ್ಡಿಯಾ?

4043. ಮಾಮೂಲಿ ಕೆಲಸಕ್ಕೆ 5356 ಗಟ್ಟಿ, ನಿಜ. ಆದರೆ ಅದರಲ್ಲಿ ಮೆಗ್ನೀಸಿಯಂ ಜಾಸ್ತಿ, ಸದಾ 65 ಡಿಗ್ರಿಯ ಮೇಲಿರುವ ಜಾಗದಲ್ಲಿ ಬಿರುಕು ಬಿಡುವ ಸಾಧ್ಯತೆ ಇರುತ್ತದೆ. 6061ನ್ನು ಕಡ್ಡಿ ಕೊಡದೆ ಬರೀ ಕರಗಿಸಿ ಸೇರಿಸಬೇಡಿ, ಆರುವಾಗಲೇ ಸೀಳುತ್ತದೆ. ವೆಲ್ಡ್‌ಗೆ ಮುಂಚೆ ಅಲ್ಯೂಮಿನಿಯಂಗೆಂದೇ ಇಟ್ಟ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ. ಮೇಲಿನ ಆಕ್ಸೈಡ್ ಪದರ ಕರಗುವುದು 2000 ಡಿಗ್ರಿಯ ಮೇಲೆ, ಒಳಗಿನ ಲೋಹ ಕರಗುವುದು 660ರ ಆಸುಪಾಸಿನಲ್ಲಿ. ಪದರ ಉಳಿದರೆ ಲೋಹ ಕೂಡಿಕೊಳ್ಳುವುದಿಲ್ಲ.

ಸ್ಟೇನ್‌ಲೆಸ್ ವೆಲ್ಡ್ ಒಳಗಡೆ ಕರಿ ಉಂಡೆ ಉಂಡೆಯಾಗಿದೆ. ಪರವಾಗಿಲ್ವಾ?

ಹಾಗೇ ಬಿಡಬಾರದು. ಹಿಂಬದಿಗೆ ಆರ್ಗಾನ್ ಇಲ್ಲದಿದ್ದರೆ ಒಳಗಿನ ಮೈ ಸುಟ್ಟು ಹೀಗೆ ಹರಳು ಕಟ್ಟುತ್ತದೆ. ಅದು ಉದುರಿದರೆ ಎಂಜಿನ್‌ಗೆ ಹೋಗುತ್ತದೆ. ಎರಡೂ ತುದಿಗೆ ಟೇಪ್ ಹಾಕಿ, ಒಂದು ಕಡೆಯಿಂದ ನಿಧಾನವಾಗಿ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಸಣ್ಣ ತೂತು ಬಿಟ್ಟು ವೆಲ್ಡ್ ಮಾಡಿ. 304ಕ್ಕೆ 308ಎಲ್ ಕಡ್ಡಿ, ಸ್ಟೇನ್‌ಲೆಸ್‌ಗೆ ಎಂ.ಎಸ್. ಸೇರಿಸಬೇಕಾದರೆ 309ಎಲ್.

ಎಲ್ಲ ಮುಗೀತು. ಗಾಡಿಗೆ ಹಾಕೋಕೆ ಮುಂಚೆ ಏನು ನೋಡ್ಬೇಕು?

ಒಳಗೆ ಕೈ ಹಾಕಿ. ಮಿಗ್ ಮಾಡಿದ್ದರೆ ಕಿಡಿಯ ಹನಿಗಳು ಗೋಡೆಗೆ ಅಂಟಿರುತ್ತವೆ. ಉಳಿಯಿಂದ ಕೆತ್ತಿ, ವೈರ್ ಬ್ರಷ್ ಹಾಕಿ, ಒದ್ದೆ ಬಟ್ಟೆಯನ್ನು ದಾರಕ್ಕೆ ಕಟ್ಟಿ ಎಳೆಯಿರಿ, ಬಟ್ಟೆ ಸ್ವಚ್ಛವಾಗಿ ಹೊರಬರುವವರೆಗೆ. ತಣ್ಣನೆ ಕಡೆಯ ಪೈಪಿನಲ್ಲಿ ಇನ್ನೂ ಜಾಗ್ರತೆ, ಅದರ ಮುಂದೆ ಇಂಟರ್‌ಕೂಲರ್ ಕೂಡ ಇಲ್ಲ, ನೇರ ಎಂಜಿನ್.

ಸೋರ್ತಿದೆಯಾ ಅಂತ ಹೇಗೆ ತಿಳಿಯೋದು?

ಟರ್ಬೊ ಗಾಳಿ ಎಳೆಯುವ ಬಾಯಿಗೆ ಕವಾಟ ಕೂರಿಸಿದ ಮುಚ್ಚಳ ಕ್ಲ್ಯಾಂಪ್‌ನಿಂದ ಬಿಗಿದು, ರೆಗ್ಯುಲೇಟರ್ ಮೂಲಕ ಕಂಪ್ರೆಸರ್ ಗಾಳಿ ಬಿಡಿ. ಮೊದಲು 0.3 ಬಾರ್. ದೊಡ್ಡ ಸೋರಿಕೆ ಇದ್ದರೆ ಕಿವಿಗೇ ಕೇಳುತ್ತದೆ. ಆಮೇಲೆ ನೀವು ಓಡಿಸುವ ಬೂಸ್ಟ್‌ವರೆಗೆ ಏರಿಸಿ, ಅದಕ್ಕಿಂತ ಮೇಲೆ ಬೇಡ. ಪ್ರತಿ ವೆಲ್ಡ್‌ಗೂ, ಪ್ರತಿ ಹೋಸ್ ಅಂಚಿಗೂ ಸೋಪು ನೀರು ಚಿಮುಕಿಸಿ. ಸಣ್ಣ ತೂತಿನಲ್ಲಿ ಗುಳ್ಳೆ ಒಂದಾದ ಮೇಲೊಂದು ನಿಧಾನವಾಗಿ ಏಳುತ್ತದೆ, ಸ್ವಲ್ಪ ಹೊತ್ತು ಕಾದು ನೋಡಿ. ಮುಚ್ಚಳದ ಎದುರಿಗೆ ಯಾರೂ ನಿಲ್ಲಬಾರದು, ಅದೂ ಪೈಪಿನಷ್ಟೇ ಬಲದಿಂದ ಹಾರಬಲ್ಲದು. ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಅಲ್ಲಿ ಗಾಳಿ ಬರುತ್ತಿರಬಹುದು. ಅದು ಬ್ರೀದರ್ ಅಥವಾ ತೆರೆದ ವಾಲ್ವ್ ಮೂಲಕ ಹೋಗುವ ಗಾಳಿ, ನಿಮ್ಮ ಪೈಪಿನ ತಪ್ಪಲ್ಲ.

ಗಾಳಿಯ ಅಳತೆ ಸೆನ್ಸರ್ ಟರ್ಬೊಗಿಂತ ಮುಂಚೆ ಇರುವ ಪೆಟ್ರೋಲ್ ಗಾಡಿಗಳಿಗೆ ಈ ಪರೀಕ್ಷೆ ಬಿಡಲೇಬೇಡಿ. ಅಳೆದ ಗಾಳಿ ದಾರಿಯಲ್ಲಿ ಸೋರಿಹೋದರೂ ಇಸಿಯು (ಎಂಜಿನ್‌ನ ಕಂಪ್ಯೂಟರ್) ಅಷ್ಟಕ್ಕೂ ಪೆಟ್ರೋಲ್ ಕೊಡುತ್ತದೆ. ಕಪ್ಪು ಹೊಗೆ, ಬೂಸ್ಟ್ ಏರದಿರುವುದು, ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುವುದು ಇದರ ಗುರುತು. ಮೊದಲ ಸಲ ಜೋರಾಗಿ ಓಡಿಸಿ ಬಂದ ಮೇಲೆ, ಎಂಜಿನ್ ಪೂರ್ತಿ ತಣ್ಣಗಾದಾಗ ಎಲ್ಲ ಕ್ಲ್ಯಾಂಪ್‌ಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಬಿಸಿಯಾಗಿ ಆರಿದ ಸಿಲಿಕೋನ್ ಸ್ವಲ್ಪ ಕುಗ್ಗಿರುತ್ತದೆ.